ಬಲಗಾಲಿನ ಬ್ರೇಕು

ನನ್ನ ಗಂಡ ಮಡಿಕೇರಿಗೆ ಹೋದಷ್ಟು ಸಲ ಮಡಿಕೇರಿಯವರೇ ಮಡಿಕೇರಿಗೆ ಹೋಗಿರಲಿಕ್ಕಿಲ್ಲ. ಪುತ್ತೂರಿನಿಂದ ಹೊರಟು ಸುಳ್ಯ ದಾಟಿ ಘಾಟಿ ಹತ್ತುವ ಸರಕಾರಿ ಬಸ್ಸಿನ ಡ್ರೈವರ್ ಅವರು. ಹೆಸರು ಶ್ಯಾಮ. ಡಿಪೋದಲ್ಲಿ, ದಾರಿಯುದ್ದದ ಅಂಗಡಿಗಳಲ್ಲಿ ಶ್ಯಾಮಣ್ಣ. ನಮ್ಮ ಮದುವೆಗೆ ಮೊದಲೇ ಹಿಡಿದ ಸ್ಟೇರಿಂಗನ್ನು ಇವತ್ತಿನವರೆಗೂ ಬಿಟ್ಟಿಲ್ಲ. ಇಂಥ ಮನುಷ್ಯನನ್ನು ಮಡಿಕೇರಿಯಲ್ಲಿ ನೋಡುವಂಥದ್ದು ಏನಿದೆ ಎಂದು ಎಷ್ಟು ಸಲ ಕೇಳಿದರೂ ಒಂದೇ ಉತ್ತರ.

"ಎಂತ ಉಂಟು? ಚಳಿ ಉಂಟು. ಬಸ್ ಸ್ಟ್ಯಾಂಡ್ ಉಂಟು. ಅದರ ಹಿಂದೆ ಒಂದು ಹೋಟೆಲುಂಟು, ಆಮ್ಲೆಟ್ ಲಾಯ್ಕಿರ್ತದೆ."

ಪುತ್ತೂರು ಸುಳ್ಯದ ನಡುವೆ, ನಮ್ಮ ಮನೆಯಿರುವ ಜಾಲ್ಸೂರು ಪೇಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ. ರವಿಕೆ ಹೊಲಿಸಲು ಬರುವ ಹೆಂಗಸರು ಮಡಿಕೇರಿಗೆ ಹೋಗಿ ಬಂದ ಫೋಟೋಗಳನ್ನು ಮೊಬೈಲಿನಲ್ಲಿ ಎಳೆದೆಳೆದು ತೋರಿಸುತ್ತಾರೆ. ನಾನು ಮೊದಲು ಅವರ ರವಿಕೆಯ ತೋಳು ಸರಿಯಾಗಿ ಕೂತಿದೆಯೇ ನೋಡುತ್ತೇನೆ, ಆಮೇಲೆ ಅವರ ಹಿಂದಿನ ಬೆಟ್ಟ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತೇನೆ. ನಾನೂ ಮಡಿಕೇರಿಗೆ ಹೋಗಿಲ್ಲವೆಂದಲ್ಲ. ಮೂರ್ನಾಲ್ಕು ಮದುವೆಗೆ ಹೋಗಿದ್ದೇನೆ, ಹಾಲ್ ನೋಡಿದ್ದೇನೆ, ಊಟದ ಸಾಲು ನೋಡಿದ್ದೇನೆ, ವಾಪಸ್ ಬಂದಿದ್ದೇನೆ.

ಇನ್ನೊಂದು ವಿಷಯ ಹೇಳಿದರೆ ನೀವು ನಗಬಹುದು. ಮದುವೆಯಾಗಿ ಮಗಳು ನರ್ಸಿಂಗ್ ಓದುವಷ್ಟು ದೊಡ್ಡವಳಾದಳು, ಆದರೂ ನಾವು ಗಂಡಹೆಂಡತಿ ಒಂದು ಗಾಡಿಯ ಒಂದು ಸೀಟಿನಲ್ಲಿ ಅಕ್ಕಪಕ್ಕ ಕೂತದ್ದೇ ಇಲ್ಲ. ಬಸ್ಸಿನಲ್ಲಿ ಅವರು ಸ್ಟೇರಿಂಗಿನ ಎದುರು, ನಾನು ಜನರ ನಡುವೆ. ಸ್ಕೂಟರಿನಲ್ಲಿ ಅವರು ಮುಂದೆ, ನಾನು ಹಿಂದೆ. ಯಾರದ್ದಾದರೂ ಮದುವೆಯ ವ್ಯಾನ್ ಹತ್ತಿದರೆ ಕೇಳುವುದೇ ಬೇಡ, ನೆಟ್ಟಗೆ ಹೋಗಿ ಡ್ರೈವರನ ಪಕ್ಕ ಕೂರುತ್ತಾರೆ. ಅವರ ಕುತ್ತಿಗೆಯ ಹಿಂಭಾಗ ನನಗೆ ಗೊತ್ತಿದ್ದಷ್ಟು ಅವರ ಮುಖ ಗೊತ್ತಿಲ್ಲ.

ನನ್ನ ತವರು ಕಲ್ಲುಗುಂಡಿ, ಸುಳ್ಯದಾಚೆ ಅದೇ ದಾರಿಯಲ್ಲಿ. ಅವರ ಬಸ್ಸಿನಲ್ಲೇ ಹೋಗಬೇಕು, ಬೇರೆ ಬಸ್ಸು ಹತ್ತಿದರೆ ಅವರಿಗೆ ಬೇಜಾರು. ಆದರೆ ಆ ಬಸ್ಸಿನ ಓಟವೋ, ಹೇಳಿ ಸುಖವಿಲ್ಲ. ಸೈಕಲ್ಲಿನವರು ಹಿಂದೆ ನೋಡಿ ನಕ್ಕು ಮುಂದೆ ಹೋಗುತ್ತಾರೆ. ಗಾಡಿಯಿಂದ ಇಳಿಯುವಾಗ ನಾನು ಡ್ರೈವರ್ ಸೀಟಿನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ, "ಎತ್ತು ಬಿಚ್ಚಿ ನೀರು ಕುಡಿಸಿ ಮಾರಾಯ್ರೆ, ದಣಿದಿರ್ತಾವೆ" ಎನ್ನುತ್ತಿದ್ದೆ. ಅವರು ಎದುರಿನ ರಸ್ತೆ ನೋಡುತ್ತ ಗೇರು ಹಾಕುತ್ತಿದ್ದರು. ನನ್ನ ಗಿರಾಕಿ ಝುಹ್ರಾ ಒಮ್ಮೆ, "ನಿಮ್ಮ ಯಜಮಾನ್ರ ಬಸ್ಸು ಸಿಕ್ಕಿದ್ರೆ ಸುಳ್ಯ ಬಂದದ್ದೇ ಗೊತ್ತಾಗುದಿಲ್ಲ ಅಕ್ಕ, ಅಷ್ಟು ಸ್ಪೀಡ್" ಎಂದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಾನು ಅವಳ ಚೂಡಿದಾರವನ್ನು ಎರಡು ದಿನ ತಡವಾಗಿ ಕೊಟ್ಟೆ.

ಮಂಗಳೂರಿನ ಹಾಸ್ಟೆಲಿನಿಂದ ಮಗಳು ಸಮನ್ವಿತಾ ಒಂದು ದಿನ ಫೋನಿನಲ್ಲಿ, "ಅಮ್ಮ, ಮದುವೆ ಆದ್ಮೇಲೆ ನೀವಿಬ್ರು ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿದಳು. "ಕಲ್ಲುಗುಂಡಿಗೆ" ಎಂದೆ. ಅವಳು ನಕ್ಕ ನಗು ಪಕ್ಕದ ಮೊಬೈಲ್ ಅಂಗಡಿಯ ಇಮ್ತಿಯಾಝ್‌ಗೂ ಕೇಳಿಸಿರಬೇಕು. ಅವತ್ತು ಸಂಜೆಯೇ ನಾನು ತೀರ್ಮಾನ ಮಾಡಿದೆ.

"ನಿಮ್ಮ ಮುಂದಿನ ರಜೆ ದಿನ ನಾವು ಮಡಿಕೇರಿಗೆ ಹೋಗುದು," ಎಂದೆ.

ಅವರು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ರಜೆ ದಿನ ಮಡಿಕೇರಿಗಾ? ನೀನು ರಜೆ ದಿನ ಅಂಗಡಿಗೆ ಹೋಗಿ ರವಿಕೆ ಹೊಲಿತಿಯಾ?"

"ನೋಡ್ಲಿಕ್ಕೆ ಹೋಗುದು ಮಾರಾಯ್ರೆ. ಊರು ನೋಡ್ಲಿಕ್ಕೆ."

"ಆಯ್ತು. ಇಮ್ತಿಯಾಝ್‌ನ ಕಾರು ಕೇಳ್ತೇನೆ. ಅವ ಕೊಡ್ತಾನೆ."

"ಕಾರು ಬೇಡ. ನೀವು ಸ್ಟೇರಿಂಗ್ ಮುಟ್ಟಿದ್ರೆ ಅದು ಡ್ಯೂಟಿ. ಬಸ್ಸಲ್ಲಿ ಹೋಗುದು. ಇಬ್ಬರ ಸೀಟಲ್ಲಿ ಕೂತು. ನನ್ನ ಪಕ್ಕ. ಹೋಗುವಾಗ್ಲೂ, ಬರುವಾಗ್ಲೂ."

"ಅದೆಂತ ಹರಕೆಯಾ?"

"ಹೌದು, ಹರಕೆಯೇ."

ಅವರು ಒಪ್ಪಿಕೊಂಡರು. ಉಪ್ಪಿನಕಾಯಿ ಇನ್ನೊಂದು ಹೋಳು ಹಾಕಿಸಿಕೊಂಡರು, ಅದು ಅವರು ಒಪ್ಪಿದ್ದಕ್ಕೆ ಗುರುತು. ನನಗೆ ಕೋಟೆ, ದೇವಸ್ಥಾನ, ರಾಜಾಸೀಟು ಎಲ್ಲ ಬೇಕಿತ್ತು ನಿಜ. ಆದರೆ ಒಂದೊಂದಾಗಿ ಬಿಟ್ಟುಕೊಡು ಎಂದರೆ ಎಲ್ಲವನ್ನೂ ಬಿಟ್ಟುಕೊಟ್ಟು ಕೊನೆಗೆ ಬಸ್ಸಿನ ಆ ಇಬ್ಬರ ಸೀಟು ಒಂದನ್ನು ಇಟ್ಟುಕೊಳ್ಳುತ್ತಿದ್ದೆ.

ಡಿಸೆಂಬರಿನ ಆ ಬೆಳಿಗ್ಗೆ ನಾನು ಮಾವಿನ ಚಿಗುರಿನ ಬಣ್ಣದ ಸೀರೆ ಉಟ್ಟು ಹೊರಗೆ ಬಂದರೆ ಇವರು ನೀಲಿ ಶರ್ಟು ಹಾಕಿ ಕೆಳಗೆ ಖಾಕಿ ಪ್ಯಾಂಟು ತೊಟ್ಟು ನಿಂತಿದ್ದರು.

"ಇದೆಂತ ಅವತಾರ?"

"ಉಳಿದ ಪ್ಯಾಂಟೆಲ್ಲ ಸೊಂಟಕ್ಕೆ ಬಿಗಿ ಮಾರಾಯ್ತಿ. ಟೈಲರ್ ಹೆಂಡ್ತಿ ಇದ್ದು ಎಂತ ಪ್ರಯೋಜನ, ಒಂದು ಹೊಲಿಗೆ ಬಿಚ್ಚಿ ಕೊಡ್ಲಿಕ್ಕಿಲ್ಲ."

ಊರವರ ಸೊಂಟವೆಲ್ಲ ನನ್ನ ಟೇಪಿನಲ್ಲಿದೆ, ಗಂಡನದ್ದು ಮಾತ್ರ ಅಳೆದಿರಲಿಲ್ಲ.

ಬಸ್ಸು ಬಂತು. ಮೈಸೂರಿಗೆ ಹೋಗಿ ಸಂಜೆ ಅದೇ ದಾರಿಯಲ್ಲಿ ವಾಪಸ್ ಬರುವ ಬಸ್ಸು. ಡ್ರೈವರ್ ಮಹೇಶ್ವರ ಇವರ ಕೈಕೆಳಗೆ ಕೆಲಸ ಕಲಿತವನು. ಇವರನ್ನು ನೋಡಿ ಹಾರ್ನ್ ಹೊಡೆದು ಸಲಾಮು ಹಾಕಿದ. ಕಂಡಕ್ಟರ್ ಶೀಲಾವತಿ ನನಗೆ ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟು, ಇವರ ಸ್ಟಾಫ್ ಪಾಸಿನತ್ತ ನೋಡದೆಯೇ, "ಶ್ಯಾಮಣ್ಣ, ನೀವು ಇಲ್ಲಿ ಹಿಂದೆ ಕೂರುದಾ?" ಎಂದು ಆಶ್ಚರ್ಯಪಟ್ಟಳು. ಬಲಗಡೆ ಡ್ರೈವರನ ಹಿಂದಿನ ಮೂರನೇ ಸಾಲಿನಲ್ಲಿ ಇಬ್ಬರ ಸೀಟು ಖಾಲಿಯಿತ್ತು. ನಾನು ಕಿಟಕಿಗೆ, ಇವರು ನನ್ನ ಪಕ್ಕ. ಕೂತೇಬಿಟ್ಟರು! ನಾನು ಸೆರಗು ಸರಿಮಾಡಿಕೊಂಡು ಆಚೆ ಈಚೆ ನೋಡಿದೆ. ನಮ್ಮನ್ನು ಯಾರೂ ಗಮನಿಸಲಿಲ್ಲ, ಸ್ವಲ್ಪ ಬೇಸರವಾಯಿತು.

ಸುಳ್ಯದವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ರಸ್ತೆಯ ಬದಿಯಲ್ಲಿ ಪಯಸ್ವಿನಿ ಹೊಳೆ ಕಾಣಿಸಿಕೊಂಡಿತು. ಬೆಳಗಿನ ಬಿಸಿಲಿನಲ್ಲಿ ಕಲ್ಲುಗಳ ನಡುವೆ ಹರಿಯುತ್ತಿದ್ದ ನೀರನ್ನು ತೋರಿಸಿ, "ನೋಡಿ, ಎಷ್ಟು ಚಂದ" ಎಂದೆ.

ಇವರು ನನ್ನ ಮೇಲಿಂದ ಬಗ್ಗಿ ನೋಡಿ, "ಓ, ಇಲ್ಲಿ ಹೊಳೆ ಕಾಣ್ತದಾ?" ಎಂದರು.

"ನೀವು ದಿನಾ ಇದೇ ದಾರಿಯಲ್ಲಿ ಹೋಗುದಲ್ವಾ!"

"ಹೊಳೆ ಉಂಟು ಅಂತ ಗೊತ್ತುಂಟು. ಕಂಡದ್ದಿಲ್ಲ. ಈಗ ನೋಡು, ಒಂದು ಗುಂಡಿ ಬರ್ತದೆ." ಬಸ್ಸು ದಡಕ್ಕನೆ ಹಾರಿತು. "ಇನ್ನು ಎಡಕ್ಕೆ ಇನ್ನೊಂದು." ಅದೂ ಬಂತು. ಗುಂಡಿಗಳೆಲ್ಲ ಅವರ ನೆಂಟರು, ಹೊಳೆ ಮಾತ್ರ ಪರಿಚಯವಿಲ್ಲ.

ಸಂಪಾಜೆ ದಾಟಿ ತಿರುವುಗಳು ಶುರುವಾದದ್ದೇ ಇವರು ಗುಂಡಿಗಳ ಲೆಕ್ಕ ಬಿಟ್ಟು ನೆಟ್ಟಗೆ ಕೂತರು. ನಾನು ಕೆಳಗೆ ನೋಡಿದೆ. ಪ್ರತಿ ತಿರುವಿಗೆ ಮೊದಲು ಅವರ ಬಲಗಾಲು ಮುಂದೆ ಚಾಚಿ ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಎದುರಿನ ಸೀಟಿನ ಕಂಬಿಯನ್ನು ಹಿಡಿದ ಕೈಯ ನರಗಳು ಉಬ್ಬಿದ್ದವು.

"ಅಲ್ಲಿ ಬ್ರೇಕ್ ಇಲ್ಲ ಮಾರಾಯ್ರೆ. ಎದುರಿನ ಸೀಟಿನ ಅಜ್ಜನ ಚಪ್ಪಲಿ ಉಂಟು," ಎಂದೆ.

ಇವರು ನಗಲಿಲ್ಲ. "ಮೂರನೇ ಗೇರಲ್ಲಿ ಹೊಡಿತಾ ಇದ್ದಾನೆ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಇನ್ನೊಂದು ತಿರುವು ಕಳೆಯಿತು. ಆಗ ಮಹೇಶ್ವರ ಕನ್ನಡಿಯಲ್ಲಿ ನೋಡಿ, "ಶ್ಯಾಮಣ್ಣ, ಅಲ್ಲಿ ಎಂತ ಮಾಡ್ತೀರಿ, ಮುಂದೆ ಬನ್ನಿ" ಎಂದು ಕೂಗಿದ. ಕೂಗಿದ್ದೇ ತಡ, ಇವರು ಎದ್ದರು. "ಈಗ ಬಂದೆ" ಎಂದು ನನಗೆ ಹೇಳಿ ಹೋಗಿ ಡ್ರೈವರನ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಕೂತವರು ಮತ್ತೆ ಬರಲೇ ಇಲ್ಲ. ಅಲ್ಲಿಂದ ಮಹೇಶ್ವರನ ಕಿವಿಯ ಹತ್ತಿರ ಮಾತು, ಕೈಯಲ್ಲಿ ಸನ್ನೆ, ಮತ್ತೆ ಮಾತು. ನನಗೆ ಕಂಡದ್ದು ಅದೇ ಕುತ್ತಿಗೆ.

ಕೊಯನಾಡಿನಲ್ಲಿ ಚೆನ್ನು ಎಂಬ ಮುದುಕಿ ಹತ್ತಿ, ಖಾಲಿ ಸೀಟು ನೋಡಿ ನನ್ನ ಪಕ್ಕ ಕೂತಳು. ಮಗಳ ಮನೆಗೆ ಹೊರಟಿದ್ದಳಂತೆ. ಮಡಿಲಲ್ಲಿಟ್ಟ ಬಟ್ಟೆ ಚೀಲದಿಂದ ಒಂದು ಹುಂಜ ತಲೆ ಹೊರಗೆ ಹಾಕಿ ನನ್ನನ್ನು ಒಂದೇ ಕಣ್ಣಿನಿಂದ ನೋಡಿತು. ಶೀಲಾವತಿ ಕಂಡರೂ ಕಾಣದವಳ ಹಾಗೆ ಮುಂದೆ ಹೋದಳು. ಹರಕೆ ಹೇಳಿಕೊಂಡು ಹತ್ತಿದ ಘಾಟಿಯಲ್ಲಿ ಕೊನೆಗೆ ನನ್ನ ಜೊತೆ ಬಂದದ್ದು ಆ ಹುಂಜ. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದು ಬೇಡ.

ಮಡಿಕೇರಿಯಲ್ಲಿ ಇಳಿದ ಮೇಲೆ ನಾನು ಮುಖ ತಿರುಗಿಸಿ ನಿಂತೆ. ನನ್ನ ಸಿಟ್ಟಿಗೆ ಹೆದರುವ ಅವಕಾಶವೂ ಅವರಿಗೆ ಸಿಗಲಿಲ್ಲ, ಏಕೆಂದರೆ ಖಾಕಿ ಪ್ಯಾಂಟು ನೋಡಿದ ಜನ ಮುತ್ತಿಕೊಂಡರು. "ಸರ್, ವಿರಾಜಪೇಟೆ ಬಸ್ಸು?" "ಅಣ್ಣ, ಸೋಮವಾರಪೇಟೆದು ಹೋಯ್ತಾ?" ಇವರು ಒಬ್ಬೊಬ್ಬರಿಗೂ ನಿಂತು ಉತ್ತರ ಕೊಟ್ಟರು. ಒಬ್ಬಳು ಅಜ್ಜಿಯನ್ನು ಕೈಹಿಡಿದು ಬಸ್ಸು ಹತ್ತಿಸಿಯೂ ಬಂದರು.

"ಸಂಜೆವರೆಗೆ ಇಲ್ಲೇ ನಿಂತ್ಕೊಳ್ಳುದಾ? ನಾನು ಒಂದು ಕುರ್ಚಿ ತರ್ತೇನೆ," ಎಂದೆ.

"ಬಾ ಬಾ, ಕೋಟೆಗೆ ಹೋಗುವ. ನಂಗೆ ದಾರಿ ಗೊತ್ತುಂಟು."

ದಾರಿ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಹೊರಗೆ ಕಾಲಿಟ್ಟದ್ದೇ ಅವರ ಮಡಿಕೇರಿ ಮುಗಿದಿತ್ತು. ಒಂದು ಏರು ಹತ್ತಿದೆವು, ಒಂದು ಇಳಿಜಾರು ಇಳಿದೆವು, ಒಂದು ಬೇಕರಿಯ ಎದುರು ಹಾದೆವು. ಇನ್ನೊಂದು ಸುತ್ತಿನ ನಂತರ ಅದೇ ಬೇಕರಿಯವನು ನಮ್ಮನ್ನು ನೋಡಿ ಪರಿಚಯದವರ ಹಾಗೆ ನಕ್ಕ. ಯಾರನ್ನಾದರೂ ಕೇಳಿ ಎಂದರೆ, "ಡ್ರೈವರ್ ಆಗಿ ದಾರಿ ಕೇಳುದಾ?" ಎಂದರು. ಕೊನೆಗೆ ದಟ್ಟವಾಗಿ ಮೀಸೆ ಬಿಟ್ಟ ಒಬ್ಬ ಪ್ರವಾಸಿ ಬಂದು, ಖಾಕಿ ಪ್ಯಾಂಟು ನೋಡಿ, "ಸರ್, ಕೋಟೆಗೆ ಹೇಗೆ ಹೋಗ್ಬೇಕು?" ಎಂದು ಇವರನ್ನೇ ಕೇಳಿದ. ಇವರು ಗಂಭೀರವಾಗಿ ಕೈಯೆತ್ತಿ ಒಂದು ದಿಕ್ಕು ತೋರಿಸಿದರು. ಆ ಪಾಪದವನು ಥ್ಯಾಂಕ್ಸ್ ಹೇಳಿ ಹೊರಟ. ನಾನು ಹೂ ಮಾರುವವಳನ್ನು ಕೇಳಿದೆ, ಕೋಟೆ ಇನ್ನೊಂದು ದಿಕ್ಕಿನಲ್ಲಿತ್ತು.

ಕೋಟೆಯೊಳಗೆ ಎರಡು ಗಾರೆಯ ಆನೆಗಳು ನಿಂತಿವೆ. ನಾನು ಒಂದರ ಸೊಂಡಿಲಿನ ಹತ್ತಿರ ನಿಂತು ಫೋಟೋ ತೆಗೆಯಿರಿ ಎಂದೆ. ಇವರು ತೆಗೆದ ಫೋಟೋದಲ್ಲಿ ಆನೆ ಪೂರ್ತಿಯಾಗಿತ್ತು, ನಾನು ಅರ್ಧ ಇದ್ದೆ. ಓಂಕಾರೇಶ್ವರ ದೇವಸ್ಥಾನದ ಕೆರೆಯಲ್ಲಿ ದಪ್ಪದಪ್ಪ ಮೀನುಗಳು ಮೆಟ್ಟಿಲ ಹತ್ತಿರ ಬಾಯಿ ತೆರೆಯುತ್ತಿದ್ದವು. ನಾನು ಕೈಮುಗಿಯುತ್ತಿದ್ದರೆ ಇವರು ಕಿವಿ ನಿಮಿರಿಸಿ, "ಹಾಸನದ ಬಸ್ಸು ಹೋಯ್ತು, ಹಾರ್ನ್ ಕೇಳು" ಎಂದರು. ಕಂಬಿ ಮೇಲೆ ಕೈಯಿಟ್ಟುಕೊಂಡು ನಿಂತ ಗಂಡನನ್ನು ನೋಡಿ, ಇವರನ್ನು ಬದಲಿಸುವುದು ನನ್ನಿಂದಾಗುವ ಕೆಲಸವಲ್ಲ ಎಂದುಕೊಂಡೆ. ಹುಂಜನ ಮುಖ ಮತ್ತೆ ನೆನಪಾಯಿತು.

"ಸಿಟ್ಟು ಬಂದಿದೆಯಾ?" ಎಂದು ದೇವಸ್ಥಾನದ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದರು.

"ಇಲ್ಲ. ಬೆಳಿಗ್ಗೆ ನನ್ನ ಪಕ್ಕ ಕೂತವರು ಒಳ್ಳೆಯವರಿದ್ರು. ಜಾಸ್ತಿ ಮಾತಾಡ್ಲಿಲ್ಲ. ಬಿಟ್ಟು ಹೋಗ್ಲೂ ಇಲ್ಲ."

ಅವರು ಚಪ್ಪಲಿಯ ಪಟ್ಟಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸರಿಮಾಡಿದರು.

ಊಟಕ್ಕೆ ದೊಡ್ಡ ಹೋಟೆಲಿನಲ್ಲಿ ಅಕ್ಕಿ ತರಿಯ ಉಂಡೆ ಕಡಂಬಿಟ್ಟು, ಕೋಳಿ ಸಾರು ಎಂದು ನಾನು ಕನಸು ಕಂಡಿದ್ದೆ. ಅಲ್ಲಿ ಬೆಂಗಳೂರಿನ ಪ್ರವಾಸಿಗಳು ಬಾಗಿಲವರೆಗೆ ನಿಂತಿದ್ದರು. ಇವರಿಗೆ ಒಳಗೊಳಗೇ ಖುಷಿಯಾಯಿತು. "ನಮ್ಮ ಜಾಗಕ್ಕೆ ಹೋಗುವ" ಎಂದು ಬಸ್ ಸ್ಟ್ಯಾಂಡಿನ ಹಿಂದಿನ ಆ ಹೋಟೆಲಿಗೇ ಕರೆದುಕೊಂಡು ಹೋದರು. ನಾಲ್ಕು ಬೆಂಚು, ಒಂದು ಒಲೆ, ಒಲೆಯ ಹಿಂದೆ ತಲೆಗೆ ಬಿಳಿ ಬಟ್ಟೆ ಕಟ್ಟಿದ ಆಯಿಶಮ್ಮ. ಮೂಲತಃ ನಮ್ಮ ಸುಳ್ಯದ ಕಡೆಯವರಂತೆ, ಗಂಡನ ಜೊತೆ ಮೇಲೆ ಬಂದು ಹೋಟೆಲಿಟ್ಟವರು.

"ಶ್ಯಾಮಣ್ಣ, ಇವತ್ತು ರಜೆ ಅಲ್ವಾ? ಇವರು ಯಾರು?"

"ಇವಳು ಶಂಕರಿ. ನಮ್ಮ ಮನೆಯವಳು."

ಆಯಿಶಮ್ಮ ಸೌಟು ಕೆಳಗಿಟ್ಟರು. "ಓ! ಆ ಲೇಟಿನವರು ನೀವಾ?"

"ಎಂತ ಲೇಟು?" ಎಂದೆ.

"ಆಯಿಶಮ್ಮ, ಚಾ ಬರ್ಲಿ ಮೊದಲು," ಎಂದರು ಇವರು.

"ಚಾ ಬರ್ತದೆ, ನೀವು ಕೂತ್ಕೊಳ್ಳಿ." ಆಯಿಶಮ್ಮ ನನ್ನ ಕಡೆ ತಿರುಗಿದರು. "ಅಲ್ಲ ಅಕ್ಕ, ಇವರ ಬಸ್ಸಿನ ಟೈಮು ಅಂದ್ರೆ ಟೈಮು. ನಾನು ಗಡಿಯಾರ ನೋಡಿ ಆಮ್ಲೆಟ್ ಹಾಕಿ ಇಟ್ರೆ ಬಿಸಿ ಇರುವಾಗ್ಲೇ ಬಂದು ಕೂರ್ತಾರೆ. ಘಾಟಿ ಹತ್ತಿದ್ದೇ ಗೊತ್ತಾಗುದಿಲ್ಲ ಅಂತ ಜನ ಹೇಳುದು. ಆದ್ರೆ ಕೆಲವು ದಿನ ಬಸ್ಸಿನ ಪತ್ತೆಯೇ ಇಲ್ಲ. ಆಮ್ಲೆಟ್ ತಣಿದು ಚರ್ಮ ಆಗ್ತದೆ. ಎಂತಾಯ್ತು, ಪಂಚರಾ ಅಂತ ಕೇಳಿದ್ರೆ ಕಂಡಕ್ಟರು ನಗಾಡ್ತಾ ಹೇಳುದು, 'ಇಲ್ಲ ಆಯಿಶಮ್ಮ, ಇವತ್ತು ಕಲ್ಲುಗುಂಡಿವರೆಗೆ ಬಸ್ಸಲ್ಲಿ ಅತ್ತಿಗೆ ಇದ್ರು.' ಇದು ಎಲ್ಲ ಕಂಡಕ್ಟರಿಗೂ ಗೊತ್ತು. ಒಬ್ಬ ಟೈಮ್‌ಕೀಪರ್ ಒಮ್ಮೆ ಲೇಟ್ ಯಾಕೆ ಅಂತ ಬೈದದ್ದಕ್ಕೆ ಕಂಡಕ್ಟರು ಅದನ್ನೇ ಹೇಳಿದ್ನಂತೆ."

ನಾನು ಗಂಡನತ್ತ ನೋಡಿದೆ. ಅವರು ಗೋಡೆಯ ಮೇಲಿನ ಬೆಲೆಪಟ್ಟಿಯನ್ನು ಮೊದಲ ಸಲ ನೋಡುವವರ ಹಾಗೆ ಓದುತ್ತಿದ್ದರು. ಕಿವಿ ಕೆಂಪಾಗಿತ್ತು.

ಆಮ್ಲೆಟ್ ನಿಜವಾಗಿಯೂ ಚೆನ್ನಾಗಿತ್ತು. ಆದರೆ ನಾನು ಅರ್ಧ ತಿಂದು ತಟ್ಟೆಯನ್ನು ಅವರ ಕಡೆ ಸರಿಸಿದೆ. ಇಷ್ಟು ವರ್ಷ ನನ್ನ ಪ್ರಕಾರ ನಾನು ಡಿಪೋದ ಅತಿ ನಿಧಾನದ ಡ್ರೈವರನ ಹೆಂಡತಿ. ಝುಹ್ರಾ ಹೇಳಿದ್ದು ತಮಾಷೆಯಲ್ಲ ಎಂದು ಈಗ ಹೊಳೆಯಿತು. ಎತ್ತು ಬಿಚ್ಚಿ ಎಂದು ಎಲ್ಲರ ಎದುರು ಹೇಳುತ್ತಿದ್ದ ನನ್ನ ಮಾತು ನೆನಪಾಗಿ ನನ್ನ ಕಿವಿಯೂ ಬಿಸಿಯಾಯಿತು.

ಸಂಜೆಯ ಹೊತ್ತಿಗೆ ಬೆಟ್ಟದ ಅಂಚಿನ ತೋಟ ರಾಜಾಸೀಟಿಗೆ ಹೋದೆವು. ತೋಟದ ತುಂಬ ಜನ, ಎಲ್ಲ ಕಡೆ ಕೈ ಚಾಚಿ ತಮ್ಮ ಫೋಟೋ ತಾವೇ ತೆಗೆಯುವವರು. ಕಂಬಿಯ ಅಂಚಿನಲ್ಲಿ ನಮಗೊಂದು ಜಾಗ ಸಿಕ್ಕಿತು. ಸೂರ್ಯ ಕೆಳಗಿಳಿಯುತ್ತಿದ್ದ. ಬೆಟ್ಟದ ಹಿಂದೆ ಬೆಟ್ಟ, ಕಣಿವೆಯಲ್ಲಿ ತೆಳ್ಳಗೆ ಮಂಜು, ನಮ್ಮ ಊರು ಆ ಮಂಜಿನ ಅಡಿಯಲ್ಲಿ ಎಲ್ಲೋ ಇತ್ತು. ಕೆಳಗೆ ಹಸುರಿನ ನಡುವೆ ಒಂದು ರಸ್ತೆ ಕಾಣುತ್ತಿತ್ತು, ಅಲ್ಲಿ ಇಲ್ಲಿ ಮರೆಯಾಗಿ ಮತ್ತೆ ಹೊರಗೆ ಬರುವ ದಾರದ ಹಾಗೆ. ಅದರ ಮೇಲೊಂದು ಬಸ್ಸು, ನನ್ನ ಅಂಗಡಿಯ ಗುಂಡಿ ಡಬ್ಬಿಯ ಅತಿ ಚಿಕ್ಕ ಗುಂಡಿಗಿಂತಲೂ ಚಿಕ್ಕದು.

ಇವರು ಕಂಬಿ ಹಿಡಿದು ಮುಂದೆ ಬಾಗಿದರು. ಆ ಬಸ್ಸು ಮರೆಯಾಗುವವರೆಗೆ ಅದನ್ನೇ ನೋಡಿದರು.

"ಅದು ನಮ್ಮ ರಸ್ತೆ," ಎಂದರು ಕೊನೆಗೆ.

"ಹೌದಾ?"

"ನಾನು ದಿನಾ ಹತ್ತುವ ತಿರುವು ಅದೇ. ಅಲ್ಲಿಂದ ಮದೆನಾಡು. ಹೊರಗಿಂದ ನೋಡಿದ್ದೇ ಇಲ್ಲ." ಇನ್ನಷ್ಟು ಬಾಗಿ, "ಇಷ್ಟು ಲಾಯ್ಕ ಉಂಟಾ ಈ ರಸ್ತೆ?" ಎಂದರು. ಯಾರನ್ನೂ ಕೇಳಿದ್ದಲ್ಲ ಅದು. ಸೂರ್ಯನನ್ನು ಅವರು ನೋಡಲೇ ಇಲ್ಲ. ನಾನೂ ಅಷ್ಟಾಗಿ ನೋಡಲಿಲ್ಲ, ಅವರ ಮುಖ ನೋಡುತ್ತಿದ್ದೆ.

"ಒಂದು ಕೇಳ್ತೇನೆ, ಸತ್ಯ ಹೇಳ್ಬೇಕು," ಎಂದೆ. "ನಾನು ಬಸ್ಸಲ್ಲಿದ್ರೆ ಯಾಕೆ ಅಷ್ಟು ನಿಧಾನ?"

"ಆಯಿಶಮ್ಮನಿಗೆ ಬೇರೆ ಕೆಲಸ ಇಲ್ಲ."

"ಸತ್ಯ ಹೇಳಿ ಅಂದದ್ದು."

ಅವರು ಆಚೆ ಈಚೆ ನೋಡಿ, ಹತ್ತಿರ ಯಾರೂ ನಮ್ಮ ಮಾತು ಕೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡರು. "ಎಲ್ರನ್ನೂ ಜಾಗ್ರತೆಯಲ್ಲೇ ಕೊಂಡೋಗುದು. ಅದು ನನ್ನ ಕೆಲಸ. ಅದರಲ್ಲಿ ಭೇದ ಇಲ್ಲ. ಆದ್ರೆ ಕನ್ನಡಿಯಲ್ಲಿ ನೀನು ಕಂಡ್ರೆ ಕಾಲು ನನ್ನ ಮಾತು ಕೇಳುದಿಲ್ಲ ಮಾರಾಯ್ತಿ. ಅದರಷ್ಟಕ್ಕೆ ಬ್ರೇಕಿಗೆ ಹೋಗ್ತದೆ."

"ಹಾಗಾದ್ರೆ ಬೆಳಿಗ್ಗೆ? ಪಕ್ಕದಲ್ಲೇ ಇದ್ದೆನಲ್ಲ. ಬಿಟ್ಟು ಎದ್ದು ಹೋದ್ರಿ."

"ಬೆಳಿಗ್ಗೆ ಕಾಲಿನಡಿಯಲ್ಲಿ ಬ್ರೇಕೇ ಇರ್ಲಿಲ್ಲ ಅಲ್ವಾ," ಎಂದರು. ಧ್ವನಿ ಸಣ್ಣದಾಗಿತ್ತು. "ಮಳೆಗೆ ಗುಡ್ಡ ಜರಿದು ರಸ್ತೆಯೇ ಕೊಚ್ಚಿ ಹೋದ ವರ್ಷ ಈ ಘಾಟಿ ಹೇಗಿತ್ತು ಅಂತ ನಾನು ಕಂಡಿದ್ದೇನೆ. ಮಹೇಶ್ವರ ಒಳ್ಳೆ ಹುಡುಗ, ಕೈ ಚೊಕ್ಕ. ಆದ್ರೆ ನೀನು ಕೂತಿದ್ದಿ, ರಸ್ತೆ ನಂಗೆ ಕಾಣುದಿಲ್ಲ. ಹೆದರಿಕೆ ಆಯ್ತು. ಮುಂದೆ ಹೋಗಿ ಅವನ ಹತ್ರ ಅದೂ ಇದೂ ಮಾತಾಡಿ ಎರಡನೇ ಗೇರಿಗೆ ಇಳಿಸಿದೆ."

ನನಗೆ ಅಳು ಬಂತು, ಜೊತೆಗೆ ನಗುವೂ ಬಂತು, ಯಾವುದನ್ನು ಮೊದಲು ಹೊರಗೆ ಬಿಡುವುದೆಂದು ತಿಳಿಯಲಿಲ್ಲ. "ಇಷ್ಟು ವರ್ಷ ಎತ್ತಿನ ಗಾಡಿ ಅಂತ ಬೈಸಿಕೊಂಡ್ರಲ್ಲ. ಒಂದು ಸಲ ಹೇಳ್ಬಾರದಿತ್ತಾ?"

"ಹೇಳಿದ್ರೆ ನೀನು ಬಸ್ಸಲ್ಲೇ ಎಲ್ರ ಎದುರು ನಗಾಡ್ತಿದ್ದಿ."

ಅದು ಸತ್ಯ. ಖಂಡಿತ ನಗುತ್ತಿದ್ದೆ. ಹೊಲಿಸಲು ಬಂದವರಿಗೆಲ್ಲ ಹೇಳಿ ನಗುತ್ತಿದ್ದೆ. ಈ ಮನುಷ್ಯ ನನ್ನನ್ನು ಇಷ್ಟು ಚೆನ್ನಾಗಿ ಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಸೂರ್ಯ ಮುಳುಗಿದ್ದಕ್ಕೆ ಸುತ್ತಲಿನ ಜನ ಚಪ್ಪಾಳೆ ತಟ್ಟಿದರು.

ಕತ್ತಲಾಗುವಾಗ ಬಸ್ ಸ್ಟ್ಯಾಂಡಿಗೆ ಬಂದರೆ ಮೈಸೂರಿನಿಂದ ಬಂದ ಅದೇ ಬಸ್ಸು ನಿಂತಿತ್ತು. ಮಹೇಶ್ವರ ಇಂಜಿನ್ ಪೆಟ್ಟಿಗೆಯ ಮೇಲೆ ಇವರಿಗಾಗಿ ಟವೆಲ್ಲು ಮಡಚಿ ಹಾಸಿಟ್ಟಿದ್ದ. ಬೆಳಗಿನ ನಮ್ಮ ಸೀಟೇ ಖಾಲಿ ಸಿಕ್ಕಿತು. ನಾನು ಕಿಟಕಿಯ ಹತ್ತಿರ ಕೂತು, "ಮುಂದೆ ಹೋಗಿ ಕೂತ್ಕೊಳ್ಳಿ ಮಾರಾಯ್ರೆ. ನಂಗೆ ಬೇಜಾರಿಲ್ಲ," ಎಂದೆ. ಬೇಜಾರಾಗುತ್ತಿತ್ತು, ಆದರೆ ಬೆಳಗಿನ ಬೇಜಾರಲ್ಲ. ಅವರಿಗೆ ಹೆದರಿಕೆಯಾಗುವುದನ್ನು ನೋಡಿಕೊಂಡು ನನ್ನ ಹರಕೆ ತೀರಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಅವರು ನಡುವೆ ನಿಂತು ಟವೆಲ್ಲನ್ನು ನೋಡಿದರು, ನನ್ನನ್ನು ನೋಡಿದರು. ಹಿಂದಿನಿಂದ ಹತ್ತಿದವರು "ಮುಂದೆ ಹೋಗಿ, ಮುಂದೆ ಹೋಗಿ" ಎಂದು ನೂಕುತ್ತಿದ್ದರು. ಖಾಕಿ ಪ್ಯಾಂಟಿನ ಸೊಂಟ ಮೇಲೆಳೆದುಕೊಂಡು ಬಂದು ನನ್ನ ಪಕ್ಕ ಕೂತರು.

"ಹರಕೆ ಬಾಕಿ ಇಡ್ಬಾರ್ದು," ಎಂದರು.

ಬಸ್ಸು ಹೊರಟು ಮೊದಲ ತಿರುವಿಗೆ ಬಂದಾಗ ಅವರ ಬಲಗಾಲು ಮುಂದೆ ಹೋಯಿತು. ನಾನು ಚಪ್ಪಲಿ ಕಳಚಿ ನನ್ನ ಎಡಗಾಲನ್ನು ಅದರ ಮೇಲಿಟ್ಟೆ.

"ಎಂತ ಇದು?"

"ಬ್ರೇಕು ಈಗ ನನ್ನ ಹತ್ರ ಉಂಟು. ಬೇಕಾದಲ್ಲಿ ನಾನು ಹಿಡಿತೇನೆ. ನೀವು ಹೊರಗೆ ನೋಡಿ."

"ಹೊರಗೆ ಕತ್ತಲೆ. ಎಂತ ನೋಡುದು?"

"ಹಾಗಾದ್ರೆ ಮಲಗಿ."

"ಡ್ರೈವರ್ ಬಸ್ಸಲ್ಲಿ ಮಲಗುದಾ?" ಎಂದರು. ಮದೆನಾಡು ಕಳೆಯುವವರೆಗೆ ಅವರ ಕಾಲು ನನ್ನ ಕಾಲಿನಡಿಯಲ್ಲಿ ತಿರುವಿಗೊಮ್ಮೆ ಒದ್ದಾಡಿತು. ಆಮೇಲೆ ಸಡಿಲವಾಯಿತು. ತಲೆ ನಿಧಾನವಾಗಿ ಬಂದು ನನ್ನ ಭುಜದ ಮೇಲೆ ಕೂತಿತು. ಆಯಿಶಮ್ಮನ ಹೋಟೆಲಿನ ಈರುಳ್ಳಿಯ ವಾಸನೆ ಬರುತ್ತಿತ್ತು. ಇಷ್ಟು ಹತ್ತಿರದಿಂದ ನೋಡಿದರೆ ಅವರ ಹುಬ್ಬಿನಲ್ಲಿ ಒಂದೆರಡು ಬಿಳಿ ಕೂದಲು ಇದ್ದವು.

ಮುಂದಿನ ತಿರುವಿನಲ್ಲಿ ಎದುರಿನಿಂದ ಲಾರಿಯ ದೀಪ ಬಂದಾಗ ನನ್ನ ಕಾಲು ತನ್ನಷ್ಟಕ್ಕೇ ಒತ್ತಿತು. ಅದರ ಮುಂದಿನ ತಿರುವಿನಲ್ಲಿಯೂ. ಕಾಲು ಮಾತು ಕೇಳುವುದಿಲ್ಲ ಎಂದರೆ ಏನೆಂದು ಆಗ ನನಗೆ ಅರ್ಥವಾಯಿತು.

ಬಸ್ಸು ಇಳಿಯುತ್ತಲೇ ಇತ್ತು, ಸಂಪಾಜೆ ಬರಲೇ ಇಲ್ಲ. ಕನ್ನಡಿಯಲ್ಲಿ ಮಹೇಶ್ವರನ ಕಣ್ಣು ಆಗಾಗ ನಮ್ಮ ಸೀಟಿನತ್ತ ಬಂದು ಹೋಗುತ್ತಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಗಟ್ಟಿಯಾಗಿ, "ಎಂತ ಮಾರಾಯ್ರೆ, ಇದು ಬಸ್ಸಾ ಎತ್ತಿನ ಗಾಡಿಯಾ?" ಎಂದ. ಒಂದಿಬ್ಬರು ನಕ್ಕರು.

ಶೀಲಾವತಿ ತಿರುಗಿಯೂ ನೋಡದೆ, "ಸ್ವಲ್ಪ ಸುಧಾರ್ಸಿ. ಇವತ್ತು ಬಸ್ಸಲ್ಲಿ ಅತ್ತಿಗೆ ಇದ್ದಾರೆ," ಎಂದಳು.

ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ. ಕಲ್ಲುಗುಂಡಿ ಹೋಯಿತು, ಸುಳ್ಯ ಹೋಯಿತು. ಭುಜ ಜೋಮು ಹಿಡಿದಿತ್ತು, ಅಲುಗಾಡಿಸಲಿಲ್ಲ. ದೂರದಲ್ಲಿ ಜಾಲ್ಸೂರಿನ ಅಂಗಡಿಗಳ ದೀಪ ಕಂಡಿತು. ಇವರನ್ನು ಎಬ್ಬಿಸಬೇಕಿತ್ತು, ಚೀಲ ಹೆಗಲಿಗೆ ಹಾಕಬೇಕಿತ್ತು. ಎದುರಿಗೆ ತಿರುವೂ ಇರಲಿಲ್ಲ, ಲಾರಿಯೂ ಇರಲಿಲ್ಲ, ನೇರ ರಸ್ತೆ. ಆದರೂ ನಾನು ಕಾಲನ್ನು ಗಟ್ಟಿಯಾಗಿ ಒತ್ತಿ ಹಿಡಿದೆ.